ಎಡಗಿವಿಯ ನದಿ

ಬುಧವಾರ, ಮಾರ್ಚ್ ೧೨

ಆ ಗುಂಡಿ ಒತ್ತಿದ ಬೆರಳನ್ನು ಏನು ಮಾಡಲಿ? ಆಫೀಸಿನಲ್ಲಿ ಎಲ್ಲರ ಕಂಪ್ಯೂಟರಿಗೂ ಸಾಫ್ಟ್‌ವೇರ್ ಹಾಕಿಕೊಡುವವಳು ನಾನು. ಒಂದೇ ಸಾಫ್ಟ್‌ವೇರಿನ ಎರಡು ಆವೃತ್ತಿಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಇಡಬೇಕೆಂದು ಊರಿಗೆಲ್ಲ ಬುದ್ಧಿ ಹೇಳುತ್ತೇನೆ. ಇವತ್ತು ನನ್ನ ಚಪಲಕ್ಕೆ ಅಣ್ಣ ಆಡುವ ಆಟದ ಹೊಸ ಆವೃತ್ತಿಯನ್ನು ತಂದು, ಅವನ ಕಂಪ್ಯೂಟರಿನಲ್ಲಿ ಹಳೆಯದರ ಫೋಲ್ಡರಿಗೇ ಹಾಕಿಬಿಟ್ಟೆ. ಈಗಿರುವುದನ್ನು ಅಳಿಸಲೇ ಎಂದು ಕೇಳಿತು. ಓದದೆ ಹೌದು ಒತ್ತಿದೆ.

ಹಳೆಯದು ಹೋಯಿತು. ಅದರ ಡಿಸ್ಕ್ ಎಂದೋ ಬಿರುಕು ಬಿಟ್ಟಿದೆ. ಕಂಪನಿಯವರು ಮಾರುವುದನ್ನೇ ನಿಲ್ಲಿಸಿದ್ದಾರೆ.

ಕಣ್ಣು ಹೋದ ಮೇಲೆ ಅಣ್ಣ ಆ ಆಟವನ್ನು ಕಿವಿಯಿಂದಲೇ ಕಲಿತಿದ್ದ. ಎರಡು ವರ್ಷ ಹಿಡಿಯಿತು. ಎಡಗಿವಿಯಲ್ಲಿ ನದಿ ಕೇಳಿದರೆ ಮುಂದೆ ಸೇತುವೆ, ಹೆಜ್ಜೆಯ ಸದ್ದು ಟೊಳ್ಳಾದರೆ ಗುಹೆ. ಮನೆಯೊಳಗೆ ತಡವರಿಸುವವನು ಅಲ್ಲಿ ಓಡುತ್ತಿದ್ದ.

ಹೊಸದರಲ್ಲಿ ನದಿ ಎರಡೂ ಕಿವಿಯಲ್ಲಿ ಒಂದೇ ಸಮ ಹರಿಯುತ್ತದೆ. ಸಂಜೆ ಒಂದು ಗಂಟೆ ಹೊತ್ತು ಆಟದೊಳಗಿನ ಗೋಡೆಗೆ ಡಿಕ್ಕಿ ಹೊಡೆದೂ ಹೊಡೆದೂ ಹೆಡ್‌ಫೋನ್ ತೆಗೆದಿಟ್ಟ.

“ಬಿಡೇ, ನಂಗೂ ಅದು ಸಾಕಾಗಿತ್ತು” ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಊಟಕ್ಕೆ ಕೂತಾಗ ಮತ್ತೆ ಅದೇ ಮಾತು. “ಹೊಸದು ನೋಡೋಕೆ ಹೇಗಿದೆ?”

“ತುಂಬಾ ಚೆನ್ನಾಗಿದೆ ಅಣ್ಣ.” ಸುಳ್ಳಲ್ಲ. ನೀರಿನೊಳಗೆ ಮೋಡ ಕೂಡ ಕಾಣುತ್ತದೆ.

“ಹಾಗಿದ್ರೆ ನೀನೇ ಆಡು. ನಾನು ಪಕ್ಕದಲ್ಲಿ ಕೂತಿರ್ತೀನಿ.”

ಆಡಿದೆ. ನದಿಯ ಸದ್ದು ಬಂದಾಗಲೆಲ್ಲ ಅವನು ತಲೆಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿ, ಅಲ್ಲಿಲ್ಲದ ಸೇತುವೆಯನ್ನು ಹುಡುಕುತ್ತಿದ್ದ.