ಎರಡು ಡಬ್ಬಿ

ಮಾರ್ಚ್ 3, ಸೋಮವಾರ

ಜಾವಗಲ್ ಬಸ್ಸಿಗೆ ಬಂದೆ. ನಾರಿನ ಫ್ಯಾಕ್ಟರಿ, ಎಂದಿನಂತೆ ಸ್ಕ್ರೀನ್ ಮುಂದೆ. ಚೀನಾ ಮೆಷಿನ್, ಚೀನಾ ಅಕ್ಷರ. ಓದಿದ್ದು ಐದನೇ ಕ್ಲಾಸು. ಇದನ್ನು ಓದುವುದಿಲ್ಲ, ಗುರುತು ಹಿಡಿಯುತ್ತೇನೆ. ನಾರು ಸಿಕ್ಕಿ ಡ್ರಮ್ ನಿಂತಾಗ ಸ್ಕ್ರೀನಿನಲ್ಲಿ ಎರಡಕ್ಷರ ಬರುತ್ತವೆ. ಸೂರಿನ ಪಕ್ಕ ಮನುಷ್ಯ ನಿಂತಂಥ ಅಕ್ಷರವಿದ್ದರೆ ಪೂರ್ತಿ ನಿಂತಿದೆ. ಮರದ ಪಕ್ಕ ಬೆಂಚು ಇಟ್ಟಂಥದ್ದಿದ್ದರೆ ಕಾಯುತ್ತಿದೆ— ಸಿಕ್ಕಿದ ನಾರು ಬಿಡಿಸಿದ ಕೂಡಲೇ ತಾನೇ ತಿರುಗುತ್ತದೆ. ಮೊದಲು ನಾರು ಬಿಡಿಸುತ್ತಿದ್ದ ರೇವಣಸಿದ್ದಪ್ಪನವರ ಎರಡು ಬೆರಳು ಹೋದ ದಿನ ಕಲಿತದ್ದು.

ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಸ್ಕ್ರೀನಿನಲ್ಲಿ ಆ ಮನುಷ್ಯನ ಅಕ್ಷರ ಕಂಡರೆ ಹಸಿರು ಟವೆಲ್ ಎತ್ತುತ್ತೇನೆ. ಆಮೇಲೆ ಶಿವಗಂಗಮ್ಮ ಚಿಕ್ಕಮ್ಮ ನಾರು ಬಿಡಿಸಲು ಡ್ರಮ್ಮಿಗೆ ಕೈ ಹಾಕುತ್ತಾರೆ. ಕೂಗಬೇಕಾಗಿಲ್ಲ. ನನಗೆ ಅದೇ ಅನುಕೂಲ.

ಮಾರ್ಚ್ 5, ಸಂಜೆ

ಅರಸೀಕೆರೆಯಿಂದ ಮೆಷಿನ್ ರಿಪೇರಿಯ ಚನ್ನೇಶ್ ಬಂದು ಸ್ಕ್ರೀನಿಗೆ ಕನ್ನಡ ಹಾಕಿದರು. ಬಟನ್‌ಗಳೆಲ್ಲ ಕನ್ನಡ. ಕೆಳಗೆ, ಆ ಎರಡಕ್ಷರದ ಜಾಗದಲ್ಲಿ □□. ಧೈರ್ಯ ಮಾಡಿ ಕೇಳಿದೆ.

"ಒಂದೊಂದು ಅಕ್ಷರಕ್ಕೂ ಒಂದು ನಂಬರ್ ಐತಮ್ಮ. ಮೆಷಿನ್ ನಂಬರ್ ಕಳಿಸ್ತದೆ, ಫಾಂಟು ಚಿತ್ರ ಬರೀತದೆ. ಈ ಫಾಂಟಲ್ಲಿ ಚೀನಾ ಚಿತ್ರ ಇಲ್ಲ. ಅದ್ಕೆ ಡಬ್ಬಿ."

"ಎಲ್ಲಾ ನಂಬರಿಗೂ ಒಂದೇ ಡಬ್ಬಿನಾ?"

"ಹೂಂ. ಒಳಗೆ ನಂಬರ್ ಬೇರೆ ಬೇರೆನೇ. ಕಾಣಲ್ಲ ಅಷ್ಟೇ. ಸೋಮವಾರ ಬೇರೆ ಫಾಂಟ್ ತತ್ತೀನಿ."

ಸಾಹುಕಾರ್ ಷಡಕ್ಷರಪ್ಪನವರು ನಕ್ಕರು. "ಏನ್ಲಾ ಚನ್ನೇಶ, ಇವಳನ್ನ ಚೀನಾಕ್ಕೇ ಕೊಟ್ಟು ಮದ್ವೆ ಮಾಡಾಣ."

ತಲೆ ತಗ್ಗಿಸಿದೆ. ಬೆರಳಿನ ವಿಷಯ ಬಾಯಿಗೆ ಬರಲಿಲ್ಲ.

ಮಾರ್ಚ್ 6

ಟವೆಲ್ ಎತ್ತಲಿಲ್ಲ. ಡ್ರಮ್ ನಿಂತಾಗಲೆಲ್ಲ ಮೇನ್ ಸ್ವಿಚ್ ಆರಿಸಿ, ಆಮೇಲೆ ನಾರು ಬಿಡಿಸಿದೆವು. ಮತ್ತೆ ಶುರುವಾಗಲು ಅರ್ಧ ಗಂಟೆ.

"ಯಾಕೇ, ತೋಳು ನೋವೇನೇ?" ಎಂದರು ಚಿಕ್ಕಮ್ಮ.

"ಅಕ್ಷರ ಕಾಣ್ತಿಲ್ಲ ಚಿಕ್ಕಮ್ಮ."

"ನಂಗ್ಯಾವ ಅಕ್ಷರ ಕಣೇ. ಟವೆಲ್ ಎದ್ರೆ ಕೈ ಹಾಕ್ತೀನಿ."

ಸಂಜೆ ಸಾಹುಕಾರರು ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದರು. ಕೀ ಜೇಬಿನಲ್ಲಿ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 11

ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕೆಲಸವಿರಲಿಲ್ಲ. ಒಳ್ಳೆಯ ನಿದ್ದೆ ಬಂತು. ಇವತ್ತು ಕರೆಂಟ್ ಬಂದಿದೆ. ಚನ್ನೇಶ್ ಬಂದಿಲ್ಲ.

ಡ್ರಮ್ ನಿಂತಿದೆ. □□. ಚಿಕ್ಕಮ್ಮ ಸೆರಗು ಸಿಕ್ಕಿಸಿ ಡ್ರಮ್ಮಿನ ಬಾಯಲ್ಲಿ ನಿಂತು ಇತ್ತ ನೋಡುತ್ತಿದ್ದಾರೆ. ಪಕ್ಕದ ಮೆಷಿನ್‌ಗಳ ಸದ್ದು. ಟವೆಲ್ ಎತ್ತುವುದಿಲ್ಲ. ಹತ್ತು ನಿಮಿಷವಾಯಿತು. ಅವರ ಮುಖ ನೋಡಲಾರದೆ ಬರೆಯುತ್ತಾ ಕೂತಿದ್ದೇನೆ.

ಸಾಹುಕಾರರು ಬಂದು ನನ್ನ ಹಿಂದೆ ನಿಂತರು. ಬೈಯಲಿಲ್ಲ.

ಟವೆಲ್ ಕುರ್ಚಿಯ ಬೆನ್ನಿಗಿತ್ತು. ಈಗ ಇಲ್ಲ.

ಚಿಕ್ಕಮ್ಮ ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, ಸರಿ ಎಂಬಂತೆ ತಲೆಯಾಡಿಸಿ, ಕೈ—