ಮುಚ್ಚದ ಬಿಸ್ಕತ್ತಿನ ಡಬ್ಬಿ

ಡೊಕ್ಕುಮ್
ಮಾರ್ಚ್ ೧೪, ಶುಕ್ರವಾರ

ನನ್ನ ಮುದ್ದಿನ ಜಗಳಗಂಟಿ ಹಿಸ್ಕೆಗೆ ಅಮ್ಮನ ಮುತ್ತುಗಳು.

ಆಸ್ಪತ್ರೆಯ ಮೇಲೆ ದೂರು ಬರೆದಿಟ್ಟಿದ್ದೀಯಂತೆ. ಕಳಿಸಬೇಡ ಮಾರಾಯ್ತಿ, ಮೊದಲು ಇದನ್ನು ಓದು.

ನನ್ನ ಎಡಗಣ್ಣಿಗೆ ಬೇರೆಯವಳ ಅಳತೆಯ ಮಸೂರ ಕೂರಿಸಿದ್ದು ನಿಜ. ಆ ದಿನ ಪೊರೆ ತೆಗೆಸಲು ಪೋಸ್ತ್‌ಮಾ ಅಡ್ಡಹೆಸರಿನವರು ಇಬ್ಬರು ಬಂದಿದ್ದೆವು. ನಮ್ಮೂರಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಪೋಸ್ತ್‌ಮಾಗೇ ತಗಲುತ್ತದೆ, ನಿನಗೆ ಗೊತ್ತಲ್ಲ. ನರ್ಸ್ "ಪೋಸ್ತ್‌ಮಾ" ಎಂದು ಕರೆದಳು, ನಾನು ಎದ್ದೆ. ಇನ್ನೊಬ್ಬಳು ಕಾಫಿ ತರಲು ಹೋಗಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಅವಳ ಮಸೂರ ನನ್ನ ಕಣ್ಣಲ್ಲಿತ್ತು! ಅಂದಿನಿಂದ ಎಲ್ಲ ಮಂಜು ಮಂಜು. ಮತ್ತೆ ಆಪರೇಷನ್ ಮಾಡಿಸದಿದ್ದರೆ ಸೈಕಲ್ಲೂ ಇಲ್ಲ, ಹೊಲಿಗೆಯೂ ಇಲ್ಲ. ಆದರೂ ಯಾರೂ ಕಣ್ಣು ಮುಟ್ಟಕೂಡದೆಂದು ಹಟ ಹಿಡಿದೆ. ಹೆದರಿದ್ದೆ ಕಣೇ.

ಮೊದಲು ಆಸ್ಪತ್ರೆಯ ವ್ಯವಸ್ಥಾಪಕರು ಮನೆಗೆ ಬಂದರು. ಕಾಫಿ ಕೊಟ್ಟೆ, ಡಬ್ಬಿ ತೆರೆದು ಬಿಸ್ಕತ್ತೂ ಕೊಟ್ಟೆ. "ಒಂದು ಅನಿರೀಕ್ಷಿತ ಘಟನೆ ನಡೆದಿದೆ ಮೇಡಂ. ಕರೆದಾಗ ನೀವೂ ಎದ್ರಲ್ಲ," ಅಂದರು. ಟಪ್ಪೆಂದು ಮುಚ್ಚಳ ಹಾಕಿದೆ. ನಮ್ಮ ಮನೆಯಲ್ಲಿ ಪಾದ್ರಿಗೂ ಒಂದೇ ಬಿಸ್ಕತ್ತು ಅನ್ನು, ಆದರೆ ಇಷ್ಟು ಜೋರಾಗಿ ಯಾರಿಗೂ ಮುಚ್ಚಿರಲಿಲ್ಲ.

ಮಾರನೆಯ ದಿನ ಆಪರೇಷನ್ ಮಾಡಿದ ಡಾಕ್ಟರ್ ತೆರ್‌ಹಾರ್ ಒಬ್ಬರೇ ಸೈಕಲ್ ಮೇಲೆ ಬಂದರು. ಕಾಫಿ ಮುಟ್ಟಲೇ ಇಲ್ಲ.

"ತಪ್ಪು ನಂದು. ಶುರು ಮಾಡೋ ಮೊದ್ಲು ನಿಮ್ಮ ಹುಟ್ಟಿದ ದಿನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಕ್ಷಮಿಸಿ," ಅಂದರು.

"ನಾನೂ ಎದ್ದೆನಲ್ಲ," ಅಂದೆ.

"ಏಳೋದಷ್ಟೇ ನಿಮ್ಮ ಕೆಲಸ. ಕೇಳೋದು ನನ್ನ ಕೆಲಸ."

ಮಸೂರ ಹೇಗೆ ಬದಲಿಸಬಹುದು, ಅದರಲ್ಲಿ ಏನು ಅಪಾಯ, ಎಲ್ಲ ಬಿಡಿಸಿ ಹೇಳಿದರು. ತಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆ ಡಾಕ್ಟರನ್ನು ತಾವೇ ಗೊತ್ತು ಮಾಡಿಕೊಡುವುದಾಗಿ ಹೇಳಿದರು. ನನಗೆ ಅಳು ಬಂತು, ಅವರ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಡಬ್ಬಿಯನ್ನೇ ಅವರ ಮುಂದೆ ತಳ್ಳಿದೆ. ನಾಲ್ಕು ತಿಂದರು ಪುಣ್ಯಾತ್ಮ! ಮುಚ್ಚಳ ಎಲ್ಲಿಟ್ಟೆನೋ ಆಮೇಲೆ ಹುಡುಕಬೇಕಾಯಿತು.

ಸಿಟ್ಟು ಬಿಡು, ಊಟ ಬಿಡಬೇಡ.

ನಿನ್ನ ಅಮ್ಮ,
ಫೋಕ್ಯೆ

ಮರೆತಿದ್ದೆ: ಅಕ್ಷರ ಗೆರೆ ಬಿಟ್ಟು ಆಚೀಚೆ ಹೋಗಿಲ್ಲ, ನೋಡಿದೆಯಾ? ಕಳೆದ ವಾರ ಆ ಡಾಕ್ಟರ ಕೈಯಲ್ಲೇ ಮಸೂರ ಬದಲಿಸಿಕೊಂಡೆ. ಹುಟ್ಟಿದ ದಿನ ಮೂರು ಸಲ ಕೇಳಿದರು, "ಕೇಕ್ ತರ್ತೀರಾ ಹೇಗೆ?" ಅಂದೆ. ಈಗ ಎಲ್ಲ ಫಳಫಳ ಕಾಣುತ್ತಿದೆ. ಹೋದ ಸಲ ಬಂದಾಗ ಸೋಫಾ ಕೆಳಗೆ ಗುಡಿಸಿದೆ ಅಂದಿದ್ದೆಯಲ್ಲ, ಅಲ್ಲಿನ ಧೂಳೂ ಕಂಡಿತು. ನೀನೂ ಬಂದು ನೆಟ್ಟಗೆ ತಪ್ಪು ನಂದು ಅಂದುಬಿಡು, ಡಬ್ಬಿ ತೆರೆದಿಟ್ಟಿರುತ್ತೇನೆ.