ಕೊನೆಗೆ ಉಳಿದ ತೋಳು

ಚಿಗವ್ವಾ,

ಪತ್ರದ ಮೊದಲಿಗೆ ಕ್ಷೇಮ ಎಂದು ಬರೆಯಲಾರೆ. ಆರು ತಿಂಗಳು ದಿನಾ ಬೆಳಿಗ್ಗೆ ಯಂತ್ರವೊಂದು ನಿನ್ನ ಹೆಸರಿನಲ್ಲಿ ನನ್ನ ಫೋನಿಗೆ ಅದನ್ನೇ ಬರೆಯುತ್ತಿತ್ತು. ನಾನು ನಂಬಿದೆ.

ಬೆಟಗೇರಿಯ ನಿನ್ನ ಪಡಸಾಲೆಗೆ ಆ ಬಿ.ಪಿ. ಮಷಿನ್ನು ಬಂದ ದಿನ ನೆನಪಿದೆಯೇ? ಆಸ್ಪತ್ರೆಯ ನರ್ಸ್ ನಿನ್ನ ತೋಳಿಗೆ ಪಟ್ಟಿ ಸುತ್ತಿ, ಗುಂಡಿ ಒತ್ತಿ ತೋರಿಸಿದಳು. ಅಂಕಿ ತಾನಾಗಿ ಆಸ್ಪತ್ರೆಗೂ ಮುಂಡರಗಿಯಲ್ಲಿ ಮಾಸ್ತರನಾಗಿರುವ ನನಗೂ ತಲುಪುತ್ತದೆ, ಸರಿಯಿದ್ದರೆ ಫೋನಿನಲ್ಲಿ ಹಸಿರು ಬರುತ್ತದೆ, ಹೆಚ್ಚುಕಡಿಮೆಯಾದರೆ ಅವರೇ ಫೋನ್ ಮಾಡುತ್ತಾರೆ ಎಂದಳು. "ನಾ ಇಲ್ಲಿ ಸಿಟ್ಟಿಗೆದ್ರ ಅಲ್ಲಿ ಗೊತ್ತಾಕ್ಕೈತೇನ ಯವ್ವಾ? ಹಂಗಾರ ಇನ್ನ ಸಣ್ಣಗ ಬೈಬೇಕು," ಎಂದಿದ್ದೆ ನೀನು. ಅವಳೂ ನಕ್ಕಳು. ಆದರೆ ಆ ಪಟ್ಟಿ ನಿನ್ನೊಬ್ಬಳದೇ ಎಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ...

ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗ ನೀನು ತಲೆನೋವು ಎಂದೆ.

"ಹಸರ ಬಂದೈತಿ ಚಿಗವ್ವಾ, ಎಲ್ಲಾ ಚಲೋ ಐತಿ."

"ಹಂಗಾರ ನನ್ನ ತಲಿನ ಸುಳ್ಳ ಹೇಳಾಕತ್ತೈತಿ ಬಿಡು."

ಮರುದಿನ ನೀನು ನೇಯುತ್ತಾ ಮಗ್ಗದ ಕುಣಿಯಲ್ಲಿ ಕುಸಿದಾಗ ನಾನು ಮುಂಡರಗಿ ಹತ್ತಿರ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿದ್ದೆ. ಎಂದಿನಂತೆ ಫೋನು ತೆಗೆದು ನೋಡಿದೆ. ಹಸಿರೇ ಇತ್ತು. ಬಸ್ಸು ಹತ್ತಿ ಬರುವ ಬದಲು ಹಸಿರು ನೋಡುವುದನ್ನೇ ಭೇಟಿ ಎಂದುಕೊಂಡವನನ್ನು ನೀನು ಏನೆಂದು ಕರೆಯುತ್ತಿದ್ದೆ?

ಮಣ್ಣು ಮಾಡಿದ ಮೂರನೆಯ ದಿನ ಬೆಳಿಗ್ಗೆ ನಿನ್ನ ಹಿತ್ತಲಲ್ಲಿ ನಿಂತಿದ್ದೆ. ಫೋನು ಸದ್ದು ಮಾಡಿತು. ನಿನ್ನ ಹೆಸರು. 'ಇಂದಿನ ರಕ್ತದೊತ್ತಡ ಸಾಮಾನ್ಯ. ಹೀಗೆಯೇ ಮುಂದುವರಿಯಿರಿ.' ಒಳಗೆ ಓಡಿದೆ. ಪಡಸಾಲೆಯಲ್ಲಿ ಎದುರುಮನೆಯ ಗುರಪ್ಪಜ್ಜ ತೋಳು ಚಾಚಿ ಕುಳಿತಿದ್ದ. ಪಕ್ಕದ ಮನೆಯ ಮಾಬುಬಿ ಪಟ್ಟಿ ಬಿಚ್ಚುತ್ತಿದ್ದಳು.

"ದಿನಾ ಹಿಂಗ ಮಾಡ್ತಿದ್ರೇನು?" ಎಂದೆ.

"ಹೌದ್ರಿ ಮಾಸ್ತರ, ಓಣಿಯವರೆಲ್ಲಾ ಬರ್ತಿದ್ವಿ. ನಿಮ್ಮ ಚಿಗವ್ವ ಚಾ ಬ್ಯಾರೆ ಕೊಡಾಕಿ," ಎಂದಳು ಮಾಬುಬಿ.

"ಆಕಿ ಯಾವಾಗ ನೋಡ್ಕೋತಿದ್ಲು?"

ಮಾಬುಬಿ ಪಟ್ಟಿಯನ್ನು ಸುರುಳಿ ಸುತ್ತಿದಳು. "ಬಂದವರದು ಮೊದಲ ಆಗ್ಲಿ ಅಂತಿದ್ಲು. ಎಲ್ಲಾರದು ಮುಗಿಯೂದ್ರಾಗ ಮಗ್ಗಕ್ಕ ಕುಂದ್ರೂ ಹೊತ್ತಾಕ್ಕಿತ್ತು. ಖರೆ ಹೇಳ್ಬೇಕಂದ್ರ, ಆಕಿ ಪಟ್ಟಿ ಸುತ್ತಗೊಂಡಿದ್ದು ನಾ ನೋಡೇ ಇಲ್ರಿ."

ಹೈಸ್ಕೂಲಿಗೆಂದು ನಿನ್ನ ಮನೆಯಲ್ಲಿದ್ದಾಗ ನಿನ್ನ ತಾಟನ್ನು ನಾನು ಎಂದಾದರೂ ನೋಡಿದ್ದೆನೇ? ಎಲ್ಲರೂ ಉಂಡೆದ್ದ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ನಿನ್ನದು. ಮಷಿನ್ನಿಗೂ ಅದೇ ಪದ್ಧತಿ. ಆಸ್ಪತ್ರೆಗೆ ಇದು ತಿಳಿಯದು, ಸರಿ. ಅದೇ ಬುಟ್ಟಿಯ ರೊಟ್ಟಿ ತಿಂದು ಬೆಳೆದ ನನಗೆ?

ಕಳೆದ ಸೋಮವಾರ ಆಸ್ಪತ್ರೆಗೆ ಕರೆಸಿದರು. ಮಷಿನ್ನು ಮರಳಿಸಿ ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ. 'ರೋಗಿಯು ಸಾಧನವನ್ನು ತಪ್ಪಾಗಿ ಬಳಸಿದ್ದರಿಂದ' ಎಂದು ಅದರಲ್ಲಿ ಬರೆದಿತ್ತು. ಸತ್ತ ಮೇಲೂ ತಪ್ಪು ನಿನ್ನದೇ! ಅವರದೇ ದಾಖಲೆಯಲ್ಲಿ ದಿನಾ ಅರ್ಧ ತಾಸಿನಲ್ಲಿ ಒಂದೇ ಹೆಸರಿಗೆ ಏಳು ಅಂಕಿ, ಏಳು ಬಗೆಯ ನಾಡಿ. ಇದು ಯಾರ ತೋಳಮ್ಮಾ ಎಂದು ಆರು ತಿಂಗಳಲ್ಲಿ ಒಬ್ಬರಾದರೂ ಕೇಳಿದಿರಾ ಎಂದೆ.

"ಸಿಸ್ಟಮ್ ಸರಾಸರಿ ತೊಗೋತೈತ್ರಿ ಸರ್," ಎಂದ ಮೇಜಿನ ಆಚೆಯವನು.

ಸರಾಸರಿ. ನೀನು ಸರಾಸರಿಯಾಗಿ ಸಾಯಲಿಲ್ಲವಲ್ಲ ಚಿಗವ್ವಾ.

ಆ ಸಾಲನ್ನು ಹೊಡೆದುಹಾಕಿ, 'ಈಕೆಯನ್ನು ಯಾರೂ ನೋಡಲಿಲ್ಲ. ಆಸ್ಪತ್ರೆಯೂ, ನಾನೂ' ಎಂದು ಬರೆದು ಅದರ ಕೆಳಗೆ ಸಹಿ ಮಾಡಿದೆ. ಇದು ನಡೆಯುವುದಿಲ್ಲ ಎಂದ. ನಡೆಯುವವರೆಗೆ ಪ್ರತಿ ಸೋಮವಾರ ಬರುತ್ತೇನೆ ಎಂದೆ. ಬರುತ್ತೇನೆ. ಅಲ್ಲಿಯವರೆಗೆ ಮಷಿನ್ನು ನಿನ್ನ ಪಡಸಾಲೆ ಬಿಟ್ಟು ಕದಲುವುದಿಲ್ಲ.

ಇನ್ನೊಂದು ಖಬರು. ನಿನ್ನೆ ಮಾಬುಬಿ ನನ್ನ ತೋಳು ಹಿಡಿದು, "ನೀವು ಬಂದವರು, ನಿಮ್ಮದು ಮೊದಲ," ಎಂದಳು. ಪಟ್ಟಿ ಕಸಿದುಕೊಂಡು, ಎಲ್ಲರಿಗೂ ಸುತ್ತುತ್ತಾ ತನ್ನದನ್ನು ಎಂದೂ ನೋಡಿಕೊಳ್ಳದ ಅವಳ ತೋಳಿಗೇ ಸುತ್ತಿದೆ. ಏರಿದ್ದ ಅಂಕಿ ನೋಡಿ ಅವಳನ್ನು ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಶುರುವಾಗಿದೆ. ದಾರಿಯುದ್ದಕ್ಕೂ ಬೈದಳು, ನಿನ್ನ ಹಾಗೆಯೇ, ಸಣ್ಣಗೆ ಅಲ್ಲ.